ಮೊಲ, ಗಿನಿಪಿಗ್, ಲವ್ ಬರ್ಡ್ಸ್ ಕಾಯಿಲೆ ಬಿದ್ದರೆ ಎಲ್ಲಿಗೆ ಒಯ್ಯುವುದು, ಯಾವುದಕ್ಕೆ ಖರ್ಚು ಮಾಡುವುದು?

ನಾಯಿಗೆ ಹುಷಾರಿಲ್ಲದಿದ್ದರೆ ಎಲ್ಲಿಗೆ ಹೋಗಬೇಕೆಂದು ಯಾರನ್ನೂ ಕೇಳಬೇಕಾಗಿಲ್ಲ. ಬಡಾವಣೆಯಲ್ಲೇ ಒಂದು ಪೆಟ್ ಕ್ಲಿನಿಕ್ ಇರುತ್ತದೆ, ಇಲ್ಲವೇ ಊರಿನ ಪಶು ಆಸ್ಪತ್ರೆ ಇದೆ. ಮೊಲ ಮೇವು ಬಿಟ್ಟಾಗ, ಗಿನಿಪಿಗ್ ಮೈ ಕೆರೆದುಕೊಂಡು ಕೂದಲೆಲ್ಲ ಉದುರಿಸಿಕೊಂಡಾಗ, ಪಂಜರದ ಲವ್ ಬರ್ಡ್ಸ್ ಮೈ ಉಬ್ಬಿಸಿ ಕೂತಾಗ ಮಾತ್ರ ಮನೆಯವರಿಗೆ ದಿಕ್ಕು ತೋಚುವುದಿಲ್ಲ. ಹತ್ತಿರದ ಡಾಕ್ಟರು "ನಾವು ನಾಯಿ, ಬೆಕ್ಕು ಮಾತ್ರ ನೋಡೋದು" ಅನ್ನುತ್ತಾರೆ. ಅಂಗಡಿಯವರು ನೀರಿಗೆ ಹಾಕುವ ಪುಡಿ ಕೊಡುತ್ತಾರೆ. ಈ ಪ್ರಾಣಿಗಳನ್ನು ಬಲ್ಲ ಡಾಕ್ಟರು ಬೆಂಗಳೂರಿನಲ್ಲಿದ್ದಾರೆ, ನೀವು ದಾವಣಗೆರೆಯಲ್ಲಿದ್ದೀರಿ. ಎಲ್ಲಿಗೆ ಹೋಗುವುದು, ಇರುವ ದುಡ್ಡನ್ನು ಯಾವ ಪರೀಕ್ಷೆಗೆ ಹಾಕುವುದು ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಪುಟ್ಟ ಜೀವಗಳ ಮಟ್ಟಿಗೆ, ಡಾಕ್ಟರು ಎಷ್ಟು ದೊಡ್ಡವರು ಎನ್ನುವುದಕ್ಕಿಂತ ಎಷ್ಟು ಬೇಗ ಸಿಕ್ಕರು ಎನ್ನುವುದೇ ಹೆಚ್ಚು ಸಲ ಪ್ರಾಣ ಉಳಿಸುತ್ತದೆ. ಆದರೆ ಆ 'ಬೇಗ' ಪ್ರಾಣಿಯಿಂದ ಪ್ರಾಣಿಗೆ ಬೇರೆ. ಹಾಗಾಗಿ ಎಲ್ಲರಿಗೂ ಒಂದೇ ಉತ್ತರ ಕೊಡಲು ಆಗುವುದಿಲ್ಲ.

ಏನನ್ನು ನೋಡಿ ತೀರ್ಮಾನಿಸಬೇಕು

ಮೊದಲನೆಯದು ಗಡಿಯಾರ. ಮೊಲ ಮತ್ತು ಗಿನಿಪಿಗ್‌ಗಳ ಕರುಳು ಹಗಲೂ ರಾತ್ರಿ ಕೆಲಸ ಮಾಡುತ್ತಲೇ ಇರಬೇಕು. ಕರುಳಿನ ಚಲನೆ ನಿಧಾನವಾದರೆ ಗ್ಯಾಸ್ ತುಂಬುತ್ತದೆ, ಗ್ಯಾಸಿನಿಂದ ನೋವು ಬರುತ್ತದೆ, ನೋವಿಗೆ ಪ್ರಾಣಿ ತಿನ್ನುವುದನ್ನು ಬಿಡುತ್ತದೆ, ತಿನ್ನದೆ ಇದ್ದುದರಿಂದ ಕರುಳು ಇನ್ನಷ್ಟು ನಿಲ್ಲುತ್ತದೆ. ಮೊಲಕ್ಕೆ ವಾಂತಿ ಮಾಡಿ ಹೊರಹಾಕುವ ಶಕ್ತಿಯೂ ಇಲ್ಲ. ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆ ಹಾಕದೆ ಕೂತ ಮೊಲವನ್ನು ತುರ್ತು ರೋಗಿ ಎಂದೇ ಎಣಿಸಿ; "ನಾಳೆ ಬೆಳಿಗ್ಗೆ ನೋಡೋಣ" ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಹ್ಯಾಮ್‌ಸ್ಟರ್ ಮರಿಗೆ ನೀರಿನಂತೆ ಭೇದಿಯಾಗಿ ಬಾಲದ ಬುಡ ಒದ್ದೆಯಾಗಿದ್ದರೆ ಎರಡು ಮೂರು ದಿನದಲ್ಲೇ ಸಾಯಬಹುದು. ಹಕ್ಕಿಗಳು ಕಾಯಿಲೆಯನ್ನು ಮುಚ್ಚಿಡುತ್ತವೆ. ಕಾಡಿನಲ್ಲಿ ನಿತ್ರಾಣ ತೋರಿಸಿದ ಹಕ್ಕಿ ಬೇಟೆಗೆ ಸಿಕ್ಕಿಬೀಳುತ್ತದೆ, ಆ ಸ್ವಭಾವ ಪಂಜರದಲ್ಲೂ ಹೋಗಿಲ್ಲ. ಅದು ತಳದಲ್ಲಿ ಮೈ ಉಬ್ಬಿಸಿ ಕೂತದ್ದು ನಿಮ್ಮ ಕಣ್ಣಿಗೆ ಬಿದ್ದ ಹೊತ್ತಿಗೆ ಕಾಯಿಲೆಗೆ ಹಲವು ದಿನ ವಯಸ್ಸಾಗಿರುತ್ತದೆ. ಆಮೆಯದು ಬೇರೆಯೇ ಲೆಕ್ಕ. ಅದರ ರೋಗ ವಾರಗಟ್ಟಲೆ ಬೆಳೆಯುತ್ತದೆ, ಗುಣವಾಗಲೂ ವಾರಗಟ್ಟಲೆ ಬೇಕು. ಒಂದೆರಡು ದಿನ ಕಾದು ಸರಿಯಾದ ಡಾಕ್ಟರನ್ನು ಹುಡುಕಿಕೊಂಡು ಹೋಗುವಷ್ಟು ಸಮಯ ಅಲ್ಲಿ ಸಾಮಾನ್ಯವಾಗಿ ಸಿಗುತ್ತದೆ.

ಎರಡನೆಯದು, ಡಾಕ್ಟರಿಗೆ ಆ ಜಾತಿಯ ಪರಿಚಯ ಇದೆಯೇ ಎನ್ನುವುದು. ಇದು ಬರೀ ಅನುಭವದ ಮಾತಾಗಿ ಉಳಿಯುವುದಿಲ್ಲ, ಔಷಧಿಯ ವಿಷಯಕ್ಕೆ ಬಂದಾಗ ಪ್ರಾಣದ ಪ್ರಶ್ನೆಯಾಗುತ್ತದೆ. ನಾಯಿಗೆ ದಿನವೂ ಬರೆದುಕೊಡುವ ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯೋಟಿಕ್ ಮೊಲ, ಗಿನಿಪಿಗ್, ಹ್ಯಾಮ್‌ಸ್ಟರ್‌ಗಳ ಬಾಯಿಗೆ ಬಿದ್ದರೆ ಕರುಳಿನ ಒಳ್ಳೆಯ ಜೀವಾಣುಗಳು ಸತ್ತು, ಕ್ಲಾಸ್ಟ್ರಿಡಿಯಂ ಎಂಬ ಕೆಟ್ಟ ಜೀವಾಣು ಬೆಳೆದು, ಅದರ ವಿಷಕ್ಕೆ ಪ್ರಾಣಿ ಸಾಯಬಹುದು. ಆಂಪಿಸಿಲಿನ್, ಕ್ಲಿಂಡಾಮೈಸಿನ್, ಲಿಂಕೋಮೈಸಿನ್‌ಗಳೂ ಹಾಗೆಯೇ. ನಾಯಿಯ ಉಣ್ಣೆ ಹುಳುವಿಗೆ ಬೆನ್ನ ಮೇಲೆ ಹಾಕುವ ಫಿಪ್ರೊನಿಲ್ ಮೊಲಕ್ಕೆ ವಿಷ. ಕಜ್ಜಿಯ ನುಸಿಗೆ ಕೊಡುವ ಐವರ್‌ಮೆಕ್ಟಿನ್ ಮೊಲಕ್ಕೂ ಹಕ್ಕಿಗೂ ಆಗುತ್ತದೆ, ಆಮೆಯನ್ನು ಮಾತ್ರ ಕೊಲ್ಲುತ್ತದೆ.

ಮೂರನೆಯದು ಪ್ರಯಾಣ. ಮೊಲಕ್ಕೆ ಬೆವರಿ ಮೈ ತಣಿಸಿಕೊಳ್ಳುವ ದಾರಿಯಿಲ್ಲ. ಮೂವತ್ತು ಡಿಗ್ರಿ ದಾಟಿದರೆ ಏದುಸಿರು ಶುರುವಾಗುತ್ತದೆ. ಏಪ್ರಿಲ್ ಮಧ್ಯಾಹ್ನ ರಾಯಚೂರಿನಿಂದ ಬಸ್ಸಿನಲ್ಲಿ ಎಂಟು ಗಂಟೆ ಕೂರಿಸಿಕೊಂಡು ಹೋದರೆ ಕಾಯಿಲೆಗಿಂತ ಮೊದಲು ಬಿಸಿಲೇ ಅದನ್ನು ಮುಗಿಸಬಹುದು. ಇನ್ನುಳಿದವು ಎರಡು: ಆ ಜಾಗದಲ್ಲಿ ಎಕ್ಸ್‌ರೇ, ಲ್ಯಾಬ್, ಆಕ್ಸಿಜನ್ ಇದೆಯೇ ಎಂಬುದು, ಮತ್ತು ನಿಮ್ಮ ಜೇಬು.

ಮನೆಯಲ್ಲೇ ನೋಡಿಕೊಳ್ಳುವುದು

ಇದನ್ನು ಚಿಕಿತ್ಸೆ ಎಂದು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಡಾಕ್ಟರ ಬಳಿ ತಲುಪುವವರೆಗಿನ ಆರೈಕೆ ಎಂದುಕೊಂಡರೆ ಇದಕ್ಕೆ ದೊಡ್ಡ ಬೆಲೆಯಿದೆ. ಗ್ರಾಂ ಲೆಕ್ಕದಲ್ಲಿ ತೂಗುವ ಅಡುಗೆಮನೆಯ ತೂಕದ ಯಂತ್ರ ಒಂದಿದ್ದರೆ ಬೇಗ ರೋಗ ಹಿಡಿಯುವ ಕೆಲಸ ಅರ್ಧ ಮುಗಿದಂತೆ. ನಾವು ಲವ್ ಬರ್ಡ್ಸ್ ಎಂದು ಕರೆಯುವ ಬಡ್ಜಿ ಹಕ್ಕಿ ತೂಗುವುದು ಮೂವತ್ತರಿಂದ ನಲವತ್ತು ಗ್ರಾಂ. ಅದರಲ್ಲಿ ನಾಲ್ಕು ಗ್ರಾಂ ಇಳಿದರೆ ಹತ್ತನೇ ಒಂದು ಭಾಗ ಕರಗಿತು ಎಂದರ್ಥ. ಪುಕ್ಕ ಮುಚ್ಚಿರುವುದರಿಂದ ಕಣ್ಣಿಗೆ ಏನೂ ಕಾಣದು. ವಾರಕ್ಕೊಮ್ಮೆ ತೂಗಿ ಕ್ಯಾಲೆಂಡರಿನ ಮೇಲೆ ಬರೆದಿಡುವ ಮನೆಯವರು ಡಾಕ್ಟರಿಗೆ ಕೊಡುವ ಮಾಹಿತಿ ಎಷ್ಟೋ ರಕ್ತಪರೀಕ್ಷೆಗಿಂತ ಮೇಲು.

ಹಕ್ಕಿ ಮೈ ಉಬ್ಬಿಸಿದೆಯೇ? ಪಂಜರದ ಮುಕ್ಕಾಲು ಭಾಗ ಬಟ್ಟೆ ಹೊದಿಸಿ, ಒಂದು ಬದಿಗೆ ಹೊರಗಿನಿಂದ ನಲವತ್ತು ವ್ಯಾಟಿನ ಹಳೇ ಬಲ್ಬಿನ ಶಾಖ ಕೊಟ್ಟು, ಒಳಗೆ ಮೂವತ್ತು ಡಿಗ್ರಿ ಆಸುಪಾಸು ಇರುವಂತೆ ನೋಡಿಕೊಳ್ಳಿ. ಶಾಖ ಹೆಚ್ಚಾದರೆ ಅದು ಸರಿದು ಕೂರಲು ಇನ್ನೊಂದು ಬದಿ ತಂಪಾಗಿರಲಿ. ಮೊಲಕ್ಕೆ ಗುದದಲ್ಲಿ ಥರ್ಮಾಮೀಟರ್ ಇಟ್ಟು ನೋಡುವ ಅಭ್ಯಾಸ ಇದ್ದರೆ 38.5ರಿಂದ 40 ಡಿಗ್ರಿ ಸೆಲ್ಸಿಯಸ್ ಸಹಜ. 38ಕ್ಕಿಂತ ಕೆಳಗಿದ್ದರೆ, ಕಿವಿ ತಣ್ಣಗಿದ್ದರೆ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಪಕ್ಕದಲ್ಲಿಟ್ಟು ಹೊರಡಿ.

ಮನೆಯಲ್ಲಿ ಹೆಚ್ಚು ತಪ್ಪುವುದು ಸಿರಿಂಜಿನಿಂದ ತಿನ್ನಿಸುವ ವಿಷಯದಲ್ಲಿ. ಕರುಳು ಬರೀ ನಿಧಾನವಾಗಿದ್ದರೆ ನೆನೆಸಿ ಅರೆದ ಹುಲ್ಲಿನ ಪೆಲೆಟ್ (ಗುಳಿಗೆಯಂಥ ಸಿದ್ಧ ಮೇವು) ತಿನ್ನಿಸುವುದು ಪ್ರಾಣ ಉಳಿಸುತ್ತದೆ. ಕೂದಲ ಗಂಟೋ ಕಾರ್ಪೆಟ್ಟಿನ ದಾರವೋ ಕರುಳಿಗೆ ಅಡ್ಡ ಸಿಕ್ಕಿಕೊಂಡಿದ್ದರೆ ಅದೇ ತಿನ್ನಿಸುವಿಕೆ ಹೊಟ್ಟೆಯನ್ನು ಇನ್ನಷ್ಟು ಉಬ್ಬಿಸಿ ಕೊಲ್ಲುತ್ತದೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಹೊಟ್ಟೆ ಬಿಗಿದು ಬಲೂನಿನಂತಾಗಿದ್ದರೆ, ಪ್ರಾಣಿ ಇದ್ದಕ್ಕಿದ್ದಂತೆ ಕುಸಿದಿದ್ದರೆ, ಪರೀಕ್ಷೆಗೆ ಮೊದಲು ಏನೂ ತಿನ್ನಿಸಬೇಡಿ. ಅನಾನಸ್ ರಸ ಕುಡಿಸಿದರೆ ಕೂದಲು ಕರಗುತ್ತದೆ ಎಂಬ ನಂಬಿಕೆ ಸುಳ್ಳು. ಸಕ್ಕರೆ ಮಾತ್ರ ಕರುಳಿಗೆ ಸೇರಿ ಇನ್ನಷ್ಟು ಗ್ಯಾಸ್ ಆಗುತ್ತದೆ. ಮನುಷ್ಯರ ನೋವಿನ ಮಾತ್ರೆ ಚೂರು ಮಾಡಿ ಕೊಡುವುದು ಬೇಡವೇ ಬೇಡ.

ಪೆಟ್ ಅಂಗಡಿಯ ಪುಡಿ

ಅತಿ ಅಗ್ಗ, ಅತಿ ಹತ್ತಿರ, ನನ್ನ ಲೆಕ್ಕದಲ್ಲಿ ಕೊನೆಯ ಆಯ್ಕೆ. ನೀರಿಗೆ ಬೆರೆಸುವ ಆ್ಯಂಟಿಬಯೋಟಿಕ್ ಪುಡಿ ಹಕ್ಕಿಯ ಮೈಗೆ ಎಷ್ಟು ಹೋಯಿತೆಂದು ಯಾರೂ ಹೇಳಲಾರರು. ಕಾಯಿಲೆಯ ಹಕ್ಕಿ ನೀರೇ ಕಡಿಮೆ ಕುಡಿಯುತ್ತದೆ, ರುಚಿ ಕೆಟ್ಟರೆ ಅದನ್ನೂ ಬಿಡುತ್ತದೆ. ಜೊತೆಗೆ ಹಕ್ಕಿ ಕಚ್ಚಲೆಂದು ಪಂಜರದಲ್ಲಿ ತೂಗುಹಾಕಿದ ಬಿಳಿ ಚಿಪ್ಪಿನಂಥ ಕಟಲ್ ಬೋನ್‌ನ ಕ್ಯಾಲ್ಸಿಯಂ ಟೆಟ್ರಾಸೈಕ್ಲಿನ್ ಜಾತಿಯ ಆ್ಯಂಟಿಬಯೋಟಿಕ್ ಅನ್ನು ಹಿಡಿದುಕೊಂಡು ರಕ್ತಕ್ಕೆ ಸೇರದಂತೆ ಮಾಡುತ್ತದೆ. ಅಂಗಡಿಯವರಿಂದ ಕಾಳು, ಹುಲ್ಲು, ಪಂಜರ ಕೊಳ್ಳಿ, ಔಷಧಿ ಬೇಡ.

ಪಕ್ಕದ ಬೀದಿಯ ನಾಯಿ-ಬೆಕ್ಕಿನ ಡಾಕ್ಟರು

ಬಹುಪಾಲು ಓದುಗರಿಗೆ ನಿಜವಾದ ಆಯ್ಕೆ ಇದೇ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಇವರ ದೊಡ್ಡ ಬಲ ಹದಿನೈದು ನಿಮಿಷದ ದೂರ. ನೋವಿಗೆ ಕೊಡುವ ಮೆಲಾಕ್ಸಿಕಾಂ ಇದೆ, ಚರ್ಮದಡಿ ಕೊಡುವ ಡ್ರಿಪ್ ಇದೆ, ಹಲವು ಕಡೆ ಡಿಜಿಟಲ್ ಎಕ್ಸ್‌ರೇ ಇದೆ. ಕರುಳು ನಿಂತ ಮೊಲಕ್ಕೆ ಮೊದಲ ಆರು ಗಂಟೆಯಲ್ಲಿ ಬೇಕಾದದ್ದು ನೋವು ಕಡಿಮೆ ಮಾಡುವುದು, ನೀರಿನಂಶ ತುಂಬುವುದು, ಬೆಚ್ಚಗಿಡುವುದು. ಈ ಮೂರಕ್ಕೂ ಮೊಲದ ತಜ್ಞರೇ ಆಗಬೇಕಿಲ್ಲ, ಒಪ್ಪಿ ಕೈಹಾಕುವ ಡಾಕ್ಟರು ಸಾಕು.

ಅವರ ಕೊರತೆ ಔಷಧಿಯ ಆಯ್ಕೆಯಲ್ಲಿ ಮತ್ತು ಅಳತೆಯಲ್ಲಿ. ಐವರ್‌ಮೆಕ್ಟಿನ್ ಇಂಜೆಕ್ಷನ್ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 10 ಮಿಲಿಗ್ರಾಂ ಇರುತ್ತದೆ. ಒಂದು ಕಿಲೋ ಮೊಲಕ್ಕೆ ಬೇಕಾದ್ದು 0.2ರಿಂದ 0.4 ಮಿಲಿಗ್ರಾಂ, ಅಂದರೆ 0.02ರಿಂದ 0.04 ಮಿಲಿಲೀಟರ್. ಮೂವತ್ತೈದು ಗ್ರಾಂ ಹಕ್ಕಿಗಂತೂ ಇಂಜೆಕ್ಷನ್ನನ್ನು ತೆಳುಮಾಡದೆ ಅಳೆಯುವ ಸಾಧ್ಯತೆಯೇ ಇಲ್ಲ. "ಒಂದು ಹನಿ ಹಾಕಿದ್ರೆ ಸಾಕು" ಎನ್ನುವ ಕಡೆ ನಿಲ್ಲಬೇಡಿ. ಗ್ರಾಂ ತೂಕ ನೋಡಿ, ಲೆಕ್ಕ ಬರೆದು, ಇನ್ಸುಲಿನ್ ಸಿರಿಂಜ್ ಕೈಗೆತ್ತಿಕೊಳ್ಳುವ ಡಾಕ್ಟರ ಬಳಿ ಧೈರ್ಯವಾಗಿ ಬಿಡಿ.

ಹೊರಡುವ ಮುಂಚೆ ಫೋನ್ ಮಾಡಿ. "ಸರ್, ಮೊಲ ನೋಡ್ತೀರಾ?" ಎಂದಷ್ಟೇ ಕೇಳಿದರೆ ಎಲ್ಲರೂ "ಬನ್ನಿ" ಎನ್ನಬಹುದು. ಹೀಗೆ ಕೇಳಿ ನೋಡಿ: "ಆಪರೇಷನ್‌ಗೆ ಮುಂಚೆ ಮೊಲಾನ ರಾತ್ರಿಯೆಲ್ಲ ಉಪವಾಸ ಇಡಬೇಕಾ, ಮೇಡಂ?" ಬೇಡ ಎಂಬುದು ಸರಿಯುತ್ತರ, ವಾಂತಿಯಾಗುವ ಭಯವಿಲ್ಲದ, ಕರುಳು ನಿಲ್ಲಬಾರದ ಪ್ರಾಣಿಗೆ ನಾಯಿಯ ನಿಯಮ ಅನ್ವಯಿಸದು. ಇನ್ನೊಂದು ಪ್ರಶ್ನೆ: "ಉದ್ದ ಬೆಳೆದ ಹಲ್ಲನ್ನ ಕಟರ್‌ನಲ್ಲಿ ಕತ್ತರಿಸ್ತೀರಾ, ಮೆಷಿನ್‌ನಲ್ಲಿ ಉಜ್ಜುತೀರಾ?" ಮೊಲದ ಮುಂಬಲ್ಲು ವಾರಕ್ಕೆ ಎರಡು ಮೂರು ಮಿಲಿಮೀಟರ್ ಬೆಳೆಯುತ್ತಲೇ ಇರುತ್ತದೆ. ಉಗುರು ಕತ್ತರಿಯಲ್ಲಿ ಚಟ್ಟನೆ ಕತ್ತರಿಸಿದರೆ ಹಲ್ಲು ಉದ್ದಕ್ಕೆ ಸೀಳಿ, ಬೇರಿಗೆ ಸೋಂಕು ಇಳಿದು, ದವಡೆಯಲ್ಲಿ ಕೀವುಗಟ್ಟುತ್ತದೆ. ಮೊಲದ ಕೀವು ಬೆಣ್ಣೆಯಂತೆ ಗಟ್ಟಿ. ಕುಯ್ದು ಬಿಟ್ಟರೆ ತಾನಾಗಿ ಹರಿದುಹೋಗುವುದಿಲ್ಲ. ಮೂರನೆಯದಾಗಿ, "ಗೊತ್ತಿಲ್ಲದ್ದು ಬಂದ್ರೆ ಬೆಂಗಳೂರಿನ ಯಾರನ್ನಾದ್ರೂ ಕೇಳ್ತೀರಾ?" ಇದಕ್ಕೆ "ಖಂಡಿತ ಕೇಳ್ತೀನಿ" ಎನ್ನುವ ಡಾಕ್ಟರು ನನ್ನ ಕಣ್ಣಲ್ಲಿ ತುಂಬ ದೊಡ್ಡವರು. ಕರ್ನಾಟಕದ ಬಹುತೇಕ ಊರುಗಳಿಗೆ ಒಪ್ಪುವ ಅತ್ಯುತ್ತಮ ವ್ಯವಸ್ಥೆ ಇದೇ: ಹತ್ತಿರದಲ್ಲಿ ಒಪ್ಪಿಕೊಂಡ ಒಬ್ಬರು, ಫೋನಿನ ಆ ಕಡೆ ಬಲ್ಲವರೊಬ್ಬರು.

ಸರ್ಕಾರಿ ಪಶು ಆಸ್ಪತ್ರೆ, ಪಶುವೈದ್ಯಕೀಯ ಕಾಲೇಜು

ತಾಲ್ಲೂಕು ಪಶು ಆಸ್ಪತ್ರೆಯ ಡಾಕ್ಟರೂ ಅದೇ ಪದವಿ ಓದಿ ಬಂದವರು. ದಿನವಿಡೀ ಹಸು, ಎಮ್ಮೆ, ಕುರಿ ನೋಡುವುದರಿಂದ ಅವರ ಕೈಯಲ್ಲಿರುವ ಔಷಧಿ ದನದ ಅಳತೆಯದು. ಮೊಲ ಸಾಕಣೆ ಇರುವ ಕಡೆ ಕೆಲವರಿಗೆ ಕಿವಿ ಕಜ್ಜಿ, ಹೊಟ್ಟೆ ಉಬ್ಬರ ಚೆನ್ನಾಗಿ ಗೊತ್ತು. ಖರ್ಚು ನಾಮಮಾತ್ರ. 1962 ಸಂಖ್ಯೆಯ ಪಶು ಸಂಜೀವಿನಿ ವಾಹನ ಮುಖ್ಯವಾಗಿ ರೈತರ ಜಾನುವಾರುಗಳಿಗಾಗಿ ಇರುವುದು. ಬಡ್ಜಿಗಾಗಿ ಅದನ್ನೇ ನಂಬಿ ಕಾಯುತ್ತ ಹೊತ್ತು ಕಳೆಯಬೇಡಿ.

ಕಾಲೇಜು ಆಸ್ಪತ್ರೆ ಬೇರೆಯದೇ ಮಟ್ಟ. ಬೆಂಗಳೂರಿನ ಹೆಬ್ಬಾಳದ ಕಾಲೇಜು 1958ರಷ್ಟು ಹಳೆಯದು. ಬೀದರ್, ಶಿವಮೊಗ್ಗ, ಹಾಸನ, ಗದಗ, ಅಥಣಿಗಳಲ್ಲೂ ಪಶುವೈದ್ಯಕೀಯ ಕಾಲೇಜುಗಳಿವೆ. ಮೆಡಿಸಿನ್, ಸರ್ಜರಿ, ಪ್ಯಾಥಾಲಜಿ, ಪರಾವಲಂಬಿ ಶಾಸ್ತ್ರ, ಎಲ್ಲ ವಿಭಾಗಗಳೂ ಒಂದೇ ಆವರಣದಲ್ಲಿ ಸಿಗುವುದು ಇಲ್ಲಿ ಮಾತ್ರ. ಹಿಕ್ಕೆ ಪರೀಕ್ಷೆ, ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಗಡ್ಡೆಯ ತುಣುಕನ್ನು ಪರೀಕ್ಷಿಸುವುದು, ಸತ್ತ ಹಕ್ಕಿಯ ಶವಪರೀಕ್ಷೆ ಮಾಡಿ ಉಳಿದ ಹಕ್ಕಿಗಳನ್ನು ಕಾಪಾಡುವುದು: ಇವೆಲ್ಲ ಖಾಸಗಿಗಿಂತ ತುಂಬ ಕಡಿಮೆ ಖರ್ಚಿನಲ್ಲಿ ಆಗುತ್ತವೆ. ಇದಕ್ಕೆ ತೆರಬೇಕಾದ್ದು ಸಮಯ. ಬೆಳಗಿನ ಹೊರರೋಗಿ ಹೊತ್ತು, ಸರತಿ, ಪಕ್ಕದಲ್ಲೇ ಬೊಗಳುವ ನಾಯಿಗಳು. ನಾಯಿಯ ವಾಸನೆಗೇ ಮೊಲದ ಎದೆ ಹೊಡೆದುಕೊಳ್ಳುತ್ತದೆ. ಗಾಳಿ ಆಡುವ ಬುಟ್ಟಿಗೆ ಬಟ್ಟೆ ಮುಚ್ಚಿ, ಒಬ್ಬರು ಸರತಿಯಲ್ಲಿ ನಿಂತು ಇನ್ನೊಬ್ಬರು ಮರದ ನೆರಳಲ್ಲಿ ಕೂರಿ. ನಿಧಾನವಾಗಿ ಬೆಳೆಯುವ ಕಾಯಿಲೆಗೆ, ಪದೇ ಪದೇ ಮರುಕಳಿಸುವ ಕಾಯಿಲೆಗೆ, ಕೈಯಲ್ಲಿ ದುಡ್ಡು ಕಡಿಮೆ ಇರುವವರಿಗೆ ನಾನು ಮೊದಲು ಹೇಳುವುದು ಕಾಲೇಜನ್ನೇ.

ಎಕ್ಸಾಟಿಕ್ ಪ್ರಾಣಿಗಳ ಖಾಸಗಿ ತಜ್ಞರು

ಬೆಂಗಳೂರಿನಂಥ ಮಹಾನಗರದಲ್ಲಿ 'ಎಕ್ಸಾಟಿಕ್' ಎಂದು ಕರೆಯುವ ಮೊಲ, ಹಕ್ಕಿ, ಆಮೆಯಂಥ ಪ್ರಾಣಿಗಳನ್ನೇ ಹೆಚ್ಚಾಗಿ ನೋಡುವ ಕ್ಲಿನಿಕ್‌ಗಳಿವೆ. ಖರ್ಚು ಹೆಚ್ಚು, ಅಪಾಯಿಂಟ್‌ಮೆಂಟ್ ತಕ್ಷಣ ಸಿಗುತ್ತದೆ ಎಂದಿಲ್ಲ. ಆದರೆ ಕೆಲವು ಕೆಲಸಕ್ಕೆ ಇವರನ್ನು ಬಿಟ್ಟರೆ ದಾರಿಯಿಲ್ಲ ಎನ್ನುವಷ್ಟು ವ್ಯತ್ಯಾಸ ಇದೆ. ದವಡೆ ಹಲ್ಲಿನ ಚಿಕಿತ್ಸೆ, ಕರುಳಿನ ಅಡ್ಡಿ ತೆಗೆಯುವುದು, ಹೆಣ್ಣು ಮೊಲದ ಗರ್ಭಕೋಶ ತೆಗೆಯುವುದು, ಗಿನಿಪಿಗ್‌ನ ಮೂತ್ರಕೋಶದ ಕಲ್ಲು, ಮೊಟ್ಟೆ ಸಿಕ್ಕಿಕೊಂಡ ಹಕ್ಕಿ: ಅರಿವಳಿಕೆ ಬೇಕಾಗುವ ಯಾವುದೇ ಕೆಲಸಕ್ಕೂ ಅನುಭವಿ ಕೈಯೇ ಬೇಕು.

ಏಕೆಂದು ಅಂಕಿಗಳೇ ಹೇಳುತ್ತವೆ. ಬ್ರಿಟನ್ನಿನಲ್ಲಿ 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಅರಿವಳಿಕೆಗೆ ಸಂಬಂಧಿಸಿದ ಸಾವು ನಾಯಿಗಳಲ್ಲಿ ಶೇ. 0.17, ಬೆಕ್ಕುಗಳಲ್ಲಿ ಶೇ. 0.24, ಮೊಲಗಳಲ್ಲಿ ಶೇ. 1.39, ಗಿನಿಪಿಗ್‌ಗಳಲ್ಲಿ ಶೇ. 3.8. ಅದರೊಳಗೇ ಇನ್ನೊಂದು ಭೇದವಿದೆ: ಆರೋಗ್ಯವಾಗಿದ್ದ ಮೊಲಗಳಲ್ಲಿ ಶೇ. 0.73, ಕಾಯಿಲೆ ಬಿದ್ದ ಮೊಲಗಳಲ್ಲಿ ಶೇ. 7.37. ಹತ್ತು ಪಟ್ಟು. ಸಂತಾನಹರಣ ಚಿಕಿತ್ಸೆಯನ್ನೋ ಹಲ್ಲಿನ ಚಿಕಿತ್ಸೆಯನ್ನೋ ಮೊಲ ಚೆನ್ನಾಗಿರುವಾಗ ಮಾಡಿಸಿದರೆ ಖರ್ಚೂ ಕಡಿಮೆ, ಅಪಾಯವೂ ಕಡಿಮೆ. ತಜ್ಞರಿಗೆ ಒಂದೇ ಸಲ ದುಡ್ಡು ಕೊಡುವ ಶಕ್ತಿ ನಿಮಗಿದ್ದರೆ ಅದನ್ನು ಈ ಕೆಲಸಕ್ಕೆ ಎತ್ತಿಡಿ. ಸಂತಾನಹರಣ ಆಗದ ಹೆಣ್ಣು ಮೊಲಗಳಲ್ಲಿ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ತುಂಬ ಸಾಮಾನ್ಯ.

ವಿಡಿಯೋ ಕರೆಯಲ್ಲಿ ಸಲಹೆ

ಊರಿನಲ್ಲಿ ಬಲ್ಲವರು ಇಲ್ಲದವರಿಗೆ ಇದು ದೊಡ್ಡ ವರ. ಕೊಕ್ಕಿನ ಬುಡದಲ್ಲಿ ಸುಣ್ಣದಂಥ ಪದರು ಬೆಳೆಸುವ ನುಸಿ, ಗಿನಿಪಿಗ್‌ನ ಕಾಲಡಿಯ ಹುಣ್ಣು, ಆಮೆಯ ತೊಟ್ಟಿಯ ತಪ್ಪು ವ್ಯವಸ್ಥೆ, ಇವನ್ನೆಲ್ಲ ಕ್ಯಾಮೆರಾದಲ್ಲೇ ನೋಡಿ ಹೇಳಬಹುದು. ಹೊಟ್ಟೆ ಮುಟ್ಟಿ ನೋಡಲಾಗದು, ಎದೆಯ ಸದ್ದು ಕೇಳಲಾಗದು, ದವಡೆ ಹಲ್ಲು ಕಾಣದು. ಉಸಿರಾಟದ ತೊಂದರೆಗೆ, ಮೇವು ಬಿಟ್ಟ ಮೊಲಕ್ಕೆ ಇದನ್ನೊಂದೇ ನೆಚ್ಚಿಕೊಳ್ಳುವುದು ಸರಿಯಲ್ಲ. ನಿಮ್ಮ ಊರಿನ ಡಾಕ್ಟರ ಮೇಜಿನ ಮುಂದೆಯೇ ಕೂತು ತಜ್ಞರಿಗೆ ಕರೆ ಮಾಡಿ, ಇಬ್ಬರೂ ಮಾತಾಡಲಿ. ಆಗ ಈ ದುಡ್ಡು ದುಪ್ಪಟ್ಟು ಉಪಯೋಗಕ್ಕೆ ಬರುತ್ತದೆ.

ಯಾವ ಪರೀಕ್ಷೆಗೆ ದುಡ್ಡು ಹಾಕುವುದು

ಡಾಕ್ಟರು ನಾಲ್ಕು ಪರೀಕ್ಷೆ ಬರೆದಾಗ ಎಲ್ಲವನ್ನೂ ಮಾಡಿಸಲು ಆಗದಿದ್ದರೆ ಸಂಕೋಚ ಬೇಡ. "ನನ್ನ ಹತ್ರ ಇಷ್ಟೇ ಇದೆ, ಡಾಕ್ಟ್ರೇ. ಇದರಲ್ಲಿ ಚಿಕಿತ್ಸೆ ಬದಲಾಯಿಸೋ ಪರೀಕ್ಷೆ ಯಾವುದು?" ಎಂದು ನೇರವಾಗಿ ಕೇಳಿ. ಫಲಿತಾಂಶ ಹೇಗೇ ಬಂದರೂ ಕೊಡುವ ಔಷಧಿ ಅದೇ ಎನ್ನುವಂತಿದ್ದರೆ ಆ ಪರೀಕ್ಷೆಯನ್ನು ಮುಂದೂಡಬಹುದು.

ಮೇವು ಬಿಟ್ಟ ಮೊಲಕ್ಕೆ ನನ್ನ ಮೊದಲ ಆಯ್ಕೆ ಹೊಟ್ಟೆಯ ಎಕ್ಸ್‌ರೇ. ಕರುಳು ನಿಧಾನವಾಗಿದೆಯೋ ಅಡ್ಡಿ ಇದೆಯೋ ಎಂಬುದರ ಮೇಲೆ ಮುಂದಿನ ಎಲ್ಲವೂ ನಿಂತಿದೆ. ಒಂದಕ್ಕೆ ತಿನ್ನಿಸಬೇಕು, ಇನ್ನೊಂದಕ್ಕೆ ತಿನ್ನಿಸಲೇಬಾರದು. ಎಕ್ಸ್‌ರೇ ಇಲ್ಲದ ಊರಿನಲ್ಲಿ ಒಂದು ಸುಲಭ ಪರೀಕ್ಷೆ ಇದೆ, ಹಲವರಿಗೆ ಗೊತ್ತಿಲ್ಲ. ಮೊಲದ ಕಿವಿಯಿಂದ ಒಂದು ಹನಿ ರಕ್ತ ತೆಗೆದು ಗ್ಲೂಕೋಮೀಟರ್‌ನಲ್ಲಿ ಸಕ್ಕರೆ ನೋಡುವುದು. ಡೆಸಿಲೀಟರಿಗೆ 360 ಮಿಲಿಗ್ರಾಂ ದಾಟಿದ್ದರೆ ಕರುಳು ಕಟ್ಟಿಕೊಂಡಿರುವ ಅನುಮಾನ ಬಲವಾಗುತ್ತದೆ. ಹೆದರಿಕೆಯಿಂದಲೂ ಸಕ್ಕರೆ ಏರುವುದರಿಂದ ಇದೊಂದರಿಂದಲೇ ತೀರ್ಮಾನ ಬೇಡ. ಆದರೆ ರಾತ್ರಿಯೇ ದೊಡ್ಡ ಊರಿಗೆ ಹೊರಡಬೇಕೋ ಬೇಡವೋ ಎನ್ನುವುದಕ್ಕೆ ಇದು ಒಳ್ಳೆಯ ಸುಳಿವು. ಊರಿನ ಡಾಕ್ಟರಿಗೆ ನೀವೇ ನೆನಪಿಸಿ.

ಹಕ್ಕಿಗಾದರೆ ಹಿಕ್ಕೆಯ ಪರೀಕ್ಷೆ ಮೊದಲು. ಬಿಳಿ ಕಾಗದ ಹಾಸಿ, ತಾಜಾ ಹಿಕ್ಕೆ ಹಿಡಿದು ಒಯ್ಯಿರಿ. ಎಷ್ಟು ತಿಂದರೂ ಒಣಗುತ್ತ ಹೋಗುವ ಬಡ್ಜಿಯಲ್ಲಿ ಮ್ಯಾಕ್ರೊರಾಬ್ಡಸ್ ಎಂಬ ಶಿಲೀಂಧ್ರ ಸೂಕ್ಷ್ಮದರ್ಶಕದಲ್ಲಿ ಉದ್ದನೆಯ ಕಡ್ಡಿಯಂತೆ ಕಾಣುತ್ತದೆ. ಅದಕ್ಕೆ ಆ್ಯಂಟಿಬಯೋಟಿಕ್ ನಾಟುವುದಿಲ್ಲ, ಆಂಫೊಟೆರಿಸಿನ್ ಎಂಬ ಶಿಲೀಂಧ್ರದ ಔಷಧಿ ಬೇಕು. ನೂರಾರು ರೂಪಾಯಿಯಲ್ಲಿ ಮುಗಿಯುವ ಪರೀಕ್ಷೆ ತಿಂಗಳ ತಪ್ಪು ಔಷಧಿಯನ್ನು ತಪ್ಪಿಸುತ್ತದೆ. ರಕ್ತಪರೀಕ್ಷೆಯ ವಿಷಯದಲ್ಲಿ ಎಚ್ಚರ: ಆರೋಗ್ಯವಾದ ಹಕ್ಕಿಯಿಂದಲೂ ತೂಕದ ನೂರನೇ ಒಂದು ಭಾಗಕ್ಕಿಂತ ಹೆಚ್ಚು ರಕ್ತ ತೆಗೆಯುವಂತಿಲ್ಲ. ಬಡ್ಜಿಗೆ ಅದು 0.3 ಮಿಲಿಲೀಟರ್, ನಿತ್ರಾಣವಾಗಿದ್ದರೆ ಇನ್ನೂ ಕಡಿಮೆ.

ಗಿನಿಪಿಗ್‌ಗೆ ಯಾವ ಪರೀಕ್ಷೆಗೂ ಮುಂಚೆ ಊಟದ ವಿಚಾರಣೆ. ನಮ್ಮಂತೆಯೇ ಅದರ ದೇಹವೂ ವಿಟಮಿನ್ ಸಿ ತಯಾರಿಸಿಕೊಳ್ಳಲಾರದು. ಬರೀ ಕಾಳು, ಅನ್ನ, ಹಳೆಯ ಪೆಲೆಟ್ ತಿಂದು ಬೆಳೆದ ಗಿನಿಪಿಗ್ ಕುಂಟಿದರೆ, ಮುಟ್ಟಿದರೆ ಕಿರುಚಿದರೆ, ಸ್ಕರ್ವಿ ಅನುಮಾನಿಸಬೇಕು. ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಬೇಕು. ದೊಣ್ಣೆಮೆಣಸಿನಕಾಯಿ, ಸ್ವಲ್ಪ ಸೀಬೆಹಣ್ಣು, ಕೊತ್ತಂಬರಿ ಸೊಪ್ಪು ನಮ್ಮ ಸಂತೆಯಲ್ಲೇ ಸಿಗುತ್ತವೆ. ನೀರಿಗೆ ಹಾಕುವ ವಿಟಮಿನ್ ಹನಿ ಬೇಗ ಕೆಡುತ್ತದೆ, ಅದನ್ನು ನಂಬಬೇಡಿ.

ಹಕ್ಕಿ ಸಾಕುವವರು ತಮ್ಮ ಮೈ ಮೇಲೂ ಗಮನ ಇಡಬೇಕು. ಸಿಟಕೋಸಿಸ್ ಎಂಬ ಸೋಂಕು ಹಕ್ಕಿಯ ಒಣಗಿದ ಹಿಕ್ಕೆಯ ಧೂಳಿನಿಂದ ಮನುಷ್ಯರ ಶ್ವಾಸಕೋಶಕ್ಕೆ ಬರುತ್ತದೆ. ಮನೆಯಲ್ಲಿ ಯಾರಿಗಾದರೂ ಜ್ವರ, ಒಣ ಕೆಮ್ಮು ಇದ್ದರೆ ನಿಮ್ಮ ಡಾಕ್ಟರಿಗೆ ಹಕ್ಕಿಯ ವಿಷಯ ಹೇಳಿ. ಹಕ್ಕಿಗೆ ಸಾಮಾನ್ಯವಾಗಿ 45 ದಿನ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಕೊಡಬೇಕಾಗುತ್ತದೆ. ಆ ಖರ್ಚನ್ನೂ ತಾಳ್ಮೆಯನ್ನೂ ಮೊದಲೇ ಲೆಕ್ಕ ಹಾಕಿ.

ಗಿಳಿ, ನಕ್ಷತ್ರ ಆಮೆ ಇರುವ ಮನೆ

ನಮ್ಮ ನಾಡಿನ ಗಿಳಿ, ಮುನಿಯ, ನಕ್ಷತ್ರ ಆಮೆಗಳನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಆ ಭಯಕ್ಕೆ ಕಾಯಿಲೆಯ ಜೀವವನ್ನು ಬುಟ್ಟಿಯಲ್ಲೇ ಸಾಯಲು ಬಿಡಬೇಡಿ. ಬೆಂಗಳೂರಿನಲ್ಲಾದರೆ ಕೆಂಗೇರಿ ಬಳಿ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆ ಇದೆ. ಬೇರೆಡೆ ಅರಣ್ಯ ಇಲಾಖೆಯ ಮೂಲಕ ಒಪ್ಪಿಸಿ. ಆಫ್ರಿಕನ್ ಗ್ರೇ ಗಿಳಿಯಂಥ, ಅಂತರರಾಷ್ಟ್ರೀಯ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳಿಗೆ 2024ರ ನಿಯಮದಂತೆ ನೋಂದಣಿ ಬೇಕು. ಆಸ್ಪತ್ರೆಗೆ ಹೋಗುವಾಗ ಆ ಕಾಗದವೂ ಜೊತೆಗಿರಲಿ. ಬಡ್ಜಿ, ಕಾಕಟೀಲ್‌ಗಳಿಗೆ ಈ ತಾಪತ್ರಯವಿಲ್ಲ.

ನಿಮ್ಮ ಪರಿಸ್ಥಿತಿ ಯಾವುದು?

ಶಿವಮೊಗ್ಗ, ಹಾಸನ, ಗದಗದಂಥ ಕಾಲೇಜಿನ ಊರಿನಲ್ಲಿದ್ದು ಬೆಳಿಗ್ಗೆ ಮೊಲ ಸೊಪ್ಪು ಮುಟ್ಟಿಲ್ಲವೆಂದರೆ, ನೇರ ಕಾಲೇಜಿಗೆ ಹೋಗಿ. ಎಕ್ಸ್‌ರೇ ಆದ ಮೇಲೆ ಉಳಿದ ಮಾತು.

ಸಿಂಧನೂರಿನಂಥ ಊರು, ರಾತ್ರಿ ಹತ್ತು ಗಂಟೆ, ಮೊಲ ಮೂಲೆ ಸೇರಿ ನೋವಿಗೆ ಹಲ್ಲು ಕಡಿಯುತ್ತಿದೆ. ಬೆಂಗಳೂರಿನ ತಜ್ಞರ ಯೋಚನೆ ಈಗ ಬೇಡ. ಊರಿನ ಪಶುವೈದ್ಯರಿಗೆ ಫೋನ್ ಮಾಡಿ ನೋವಿನ ಇಂಜೆಕ್ಷನ್ ಮತ್ತು ಡ್ರಿಪ್ ಕೊಡಿಸಿ, ಗ್ಲೂಕೋಮೀಟರ್ ಇದ್ದರೆ ಸಕ್ಕರೆ ನೋಡಿಸಿ, ಅಮಾಕ್ಸಿಸಿಲಿನ್ ಬಾಯಿಗೆ ಬೇಡವೆಂದು ವಿನಯದಿಂದ ನೆನಪಿಸಿ. ನಸುಕಿನ ತಂಪಿನಲ್ಲಿ ಹೊರಡುವುದೋ ಬೇಡವೋ ಎಂದು ಆಮೇಲೆ ನಿರ್ಧರಿಸಿ.

ಮೈ ಕೆರೆಯುವ ಗಿನಿಪಿಗ್, ಆದರೆ ತಿನ್ನುತ್ತಿದೆ, ಓಡಾಡುತ್ತಿದೆ, ದುಡ್ಡು ಕಡಿಮೆ. ಪಕ್ಕದ ಕ್ಲಿನಿಕ್ಕೇ ಸಾಕು. ಚರ್ಮ ಕೆರೆದು ನೋಡಿ, ತೂಕಕ್ಕೆ ತಕ್ಕ ಔಷಧಿ ಕೊಟ್ಟು, ಎರಡು ವಾರಕ್ಕೆ ಮತ್ತೆ ಕರೆಯುವವರಿರಲಿ. ಕೆರೆತಕ್ಕೆ ಸೆಳವು ಬಂದಂತೆ ಒದ್ದಾಡಿದರೆ ಅದೇ ದಿನ ಹೋಗಬೇಕು.

ಕಣ್ಣು ಊದಿ ಮುಚ್ಚಿಕೊಂಡ ಕೆಂಪುಕಿವಿಯ ಆಮೆಗೆ ಸಮಯವಿದೆ. ತೊಟ್ಟಿಯ ಫೋಟೋ, ಕೊಡುವ ಆಹಾರದ ಪಟ್ಟಿ ಹಿಡಿದು ತಜ್ಞರನ್ನೇ ಕಾಣಿ, ಇಲ್ಲವೇ ವಿಡಿಯೋದಲ್ಲಿ ಮಾತಾಡಿ. ಬಹಳ ಸಲ ವಿಟಮಿನ್ ಎ ಕೊರತೆ, ಬಿಸಿಲಿಲ್ಲದ ತೊಟ್ಟಿ, ತಣ್ಣೀರು ಇವೇ ಮೂಲ. ಅದನ್ನು ಸರಿಪಡಿಸದೆ ಎಷ್ಟು ಇಂಜೆಕ್ಷನ್ ಕೊಡಿಸಿದರೂ ಪ್ರಯೋಜನವಿಲ್ಲ. ಸಾಕಲಾಗದೆ ಕೆರೆಗೆ ಬಿಡುವ ಯೋಚನೆ ಬೇಡ. ನಮ್ಮ ಕೆರೆಯ ಆಮೆಗಳಿಗೆ ಅದು ಕಂಟಕ.

ಇನ್ನು ಎರಡು ವರ್ಷ ದಾಟಿದ ಹ್ಯಾಮ್‌ಸ್ಟರ್, ಹೊಟ್ಟೆಯಲ್ಲಿ ಗಡ್ಡೆ. ಅದರ ಆಯುಸ್ಸೇ ಎರಡು ಮೂರು ವರ್ಷ. ಆಪರೇಷನ್ ಮಾಡಿಸಲಿಲ್ಲವೆಂದು ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ, ಮಕ್ಕಳಿಗೂ ಹಾಗೆಯೇ ತಿಳಿಹೇಳಿ. ನೋವಿನ ಔಷಧಿ, ಮೆತ್ತನೆಯ ಹಾಸು, ಕೈಗೆಟುಕುವಲ್ಲಿ ಮೇವು ಕೊಟ್ಟು ನೋಡಿಕೊಳ್ಳುವುದೂ ಚಿಕಿತ್ಸೆಯೇ. ತಿನ್ನುವುದನ್ನು ಬಿಟ್ಟು ಉಸಿರಿಗೆ ಒದ್ದಾಡುವ ದಿನ ಬಂದರೆ ಹತ್ತಿರದ ಡಾಕ್ಟರ ಬಳಿ ಒಯ್ಯಿರಿ. ಮೊದಲು ಅರಿವಳಿಕೆ ಕೊಟ್ಟು, ಪೂರ್ತಿ ನಿದ್ದೆ ಹತ್ತಿದ ಮೇಲೆ ಮಾತ್ರ ಕೊನೆಯ ಇಂಜೆಕ್ಷನ್ ಕೊಡಬೇಕೆಂದು ಮುಂಚೆಯೇ ಕೇಳಿ ಒಪ್ಪಿಸಿಕೊಳ್ಳಿ.